ಮತ್ತು ಸಂಗಡಿಗರು

ಹಾರ್ಟ್‌ಫರ್ಡ್, ಕನೆಕ್ಟಿಕಟ್
ಶನಿವಾರ ರಾತ್ರಿ

ಪ್ರೀತಿಯ ಸೀನ,

ನಾವಿಲ್ಲಿ ಕ್ಷೇಮ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದೆ. ಕಾರು ಎಲ್ಲಿ ನಿಲ್ಲಿಸಿದ್ದೆ ಅಂತ ನಾಳೆ ಬೆಳಗ್ಗೆ ಹುಡುಕಬೇಕು. ಮೊನ್ನೆ ಫೋನಿನಲ್ಲಿ ನೀನು "ಈಗ ಕಚೇರಿ ಕಮ್ಮಿ ಕಣೋ, ಡ್ಯಾನ್ಸ್ ಕ್ಲಾಸಿಗೆ ಮೃದಂಗ ನುಡಿಸ್ತೀನಿ ಅಷ್ಟೆ" ಅಂದೆಯಲ್ಲ, ಆ ಮಾತು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಈ ಕಾಗದ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಅಪ್ಪಣೆ ಕೇಳಿಲ್ಲ. ಬೈಯೋದಿದ್ದರೆ ಕೊನೆಯವರೆಗೆ ಓದಿ ಆಮೇಲೆ ಬೈಯಿ.

ಮೂರು ವಾರದ ಹಿಂದೆ ಇಲ್ಲೇ ಪಕ್ಕದ ಮಿಡ್ಲ್‌ಟೌನ್ ಊರಿನಲ್ಲಿ ಹಳೆ ಸಿ.ಡಿ. ಮಾರುವ ಅಂಗಡಿಗೆ ಹೋಗಿದ್ದೆ. ಸುಮ್ನೆ ಡಬ್ಬದಲ್ಲಿ ಕೈಯಾಡಿಸುತ್ತಿದ್ದಾಗ ಒಂದು ಸಿ.ಡಿ. ಸಿಕ್ಕಿತು. 'ಎ ಟ್ರಿಬ್ಯೂಟ್ ಟು ಬ್ಲ್ಯಾಕ್‌ವೆಲ್' ಅಂತ ಹೆಸರು. ಟ್ರಿಬ್ಯೂಟ್ ಅಂದ ತಕ್ಷಣ ನನಗೆ ಅನ್ನಿಸಿದ್ದು, ಪಾಪ, ಯಾರೋ ಹೋಗಿಬಿಟ್ಟಿದ್ದಾರೆ, ಗೆಳೆಯರೆಲ್ಲ ಸೇರಿ ನೆನಪಿಗೆ ನುಡಿಸಿದ್ದಾರೆ ಅಂತ. ತಿರುಗಿಸಿ ಹಿಂದೆ ಓದಿದೆ. ಟ್ರಂಪೆಟ್ ಡಾನ್ ಚೆರ್ರಿ. ಸ್ಯಾಕ್ಸೊಫೋನ್ ಡ್ಯೂಯಿ ರೆಡ್‌ಮನ್. ಬಾಸ್ ಚಾರ್ಲಿ ಹೇಡನ್. ಡ್ರಮ್ಸ್ ಯಾರು ಗೊತ್ತಾ? ಎಡ್ ಬ್ಲ್ಯಾಕ್‌ವೆಲ್!

ಅಂದ್ರೆ ಸನ್ಮಾನ ಯಾರಿಗೋ ಅವನೇ ಕೂತು ನುಡಿಸಿದ್ದಾನೆ. ಮದುಮಗನೇ ಓಲಗ ಊದಿದ ಹಾಗೆ.

ನಮ್ಮ ಕಡೆ ಸನ್ಮಾನ ಅಂದ್ರೆ ಏನು ಅಂತ ನಿನಗೆ ಹೇಳಬೇಕಾ? ಶಾಲು, ಪೇಟ, ಹಣ್ಣಿನ ಬುಟ್ಟಿ, ಗಂಧದ ಹಾರ. ಮುಕ್ಕಾಲು ಗಂಟೆ ಭಾಷಣ. ವಿದ್ವಾಂಸರು ಕುರ್ಚಿಯಲ್ಲಿ ಮುದುರಿಕೊಂಡು ಕೂತಿರುತ್ತಾರೆ, ಪೇಟ ಕಿವಿ ಮೇಲೆ ಜಾರುತ್ತಿರುತ್ತೆ. ಅವರ ವಾದ್ಯ ಚೀಲದಿಂದ ಹೊರಗೇ ಬಂದಿರುವುದಿಲ್ಲ. ಇಲ್ಲಿ ಹಾಗಾಗಲಿಲ್ಲ. 1987ರ ನವೆಂಬರ್‌ನಲ್ಲಿ ಜಾರ್ಜಿಯಾದ ಅಟ್ಲಾಂಟಾದಲ್ಲಿ ಈ ಒಬ್ಬ ಡ್ರಮ್ಮರ್‌ನ ಹೆಸರಿನಲ್ಲೇ ಉತ್ಸವ ಮಾಡಿದರು. ಹೆಸರೇ ಎಡ್ ಬ್ಲ್ಯಾಕ್‌ವೆಲ್ ಫೆಸ್ಟಿವಲ್. ಅವನು ಸ್ಟೂಲಿನ ಮೇಲೆ ಕೂತ. ಕೋಲು ಕೈಗೆ ತಗೊಂಡ. ಗೆಳೆಯರು ಸುತ್ತ ನಿಂತು ನುಡಿಸಿದರು.

ಏಕವಚನ ಅಂತ ಸಿಟ್ಟಾಗಬೇಡ. ಮೂರು ವಾರದಿಂದ ದಿನಾ ಕಾರಿನಲ್ಲಿ ಜೊತೆಗಿದ್ದಾನೆ. ಬಹುವಚನ ಬಾಯಿಗೆ ಬರುತ್ತಿಲ್ಲ.

ನಿನಗೆ ನೆನಪಿದೆಯಾ, ನಿಮ್ಮ ಮೇಷ್ಟ್ರ ಮನೆಯಲ್ಲಿ ಒಂದು ಕ್ಯಾಸೆಟ್ ಕೇಳಿದ್ದು? ಚಾರ್ಲಿ ಮರಿಯಾನೊ ಅನ್ನೋ ಅಮೆರಿಕದ ಸ್ಯಾಕ್ಸೊಫೋನ್ ವಾದಕ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರ ಜೊತೆ 1983ರಲ್ಲಿ ಮಾಡಿದ 'ಜ್ಯೋತಿ'. ಟಿ.ಎ.ಎಸ್. ಮಣಿಯವರ ಮೃದಂಗ, ರಮಾಮಣಿಯವರ ಹಾಡು. ಜಾಝ್ ಅಂದ್ರೆ ಹೋಟೆಲಿನಲ್ಲಿ ಊಟದ ಜೊತೆ ಬಾರಿಸೋ ಸಂಗೀತ ಅಂತ ಅಂದುಕೊಂಡಿದ್ದ ನಾವಿಬ್ಬರೂ ಅವತ್ತು ಬಾಯಿ ಮುಚ್ಚಿಕೊಂಡು ಕೂತಿದ್ವಿ. ನಾನು ಜಾಝ್ ಹಿಂದೆ ಬಿದ್ದಿದ್ದು ಅಲ್ಲಿಂದಲೇ. ಆದರೆ ಇಷ್ಟು ವರ್ಷ ಕೇಳಿಯೂ ಬ್ಲ್ಯಾಕ್‌ವೆಲ್ ಹೆಸರು ನನ್ನ ತಲೆಯಲ್ಲಿ ಕೂತಿರಲಿಲ್ಲ. ಅವನ ಕೈ ಮಾತ್ರ ಗೊತ್ತಿತ್ತು. ಮನೆಯಲ್ಲಿರುವ ರೆಕಾರ್ಡುಗಳನ್ನ ತೆಗೆದು ನೋಡಿದರೆ ಆರೇಳರಲ್ಲಿ ಅವನೇ ನುಡಿಸಿದ್ದಾನೆ. ಮುಖಪುಟದಲ್ಲಿ ದೊಡ್ಡದಾಗಿ ಇರುವ ಹೆಸರು ಮಾತ್ರ ಬೇರೆಯವರದ್ದು.

ಹುಟ್ಟಿದ್ದು ನ್ಯೂ ಆರ್ಲಿಯನ್ಸ್‌ನಲ್ಲಿ, 1929ರ ಅಕ್ಟೋಬರ್ 10ಕ್ಕೆ. ಒಡಹುಟ್ಟಿದವರು ಟ್ಯಾಪ್ ಡ್ಯಾನ್ಸ್ ಮಾಡುವವರು. ಷೂ ಅಡಿಯ ಲೋಹ ನೆಲಕ್ಕೆ ಬಡಿದು ಬರುವ ಲೆಕ್ಕವೇ ಮೊದಲ ಪಾಠ. ಎರಡನೇ ಪಾಠ ಬೀದಿಯಲ್ಲಿ. ಆ ಊರಿನಲ್ಲಿ ಶವದ ಮೆರವಣಿಗೆಗೆ ಬ್ಯಾಂಡು ಇರುತ್ತೆ. ಸ್ಮಶಾನಕ್ಕೆ ಹೋಗುವಾಗ ಎಳೆದೆಳೆದು, ನಿಧಾನಕ್ಕೆ ನುಡಿಸುತ್ತಾರೆ. ಮಣ್ಣು ಮಾಡಿ ವಾಪಸ್ ಬರುವಾಗ ನಡೆಯೇ ಬದಲು. ಬ್ಯಾಂಡಿನ ಹಿಂದೆ ಜನ ಕುಣಿದುಕೊಂಡು ಬರುತ್ತಾರೆ. ಆ ಗುಂಪಿಗೆ ಸೆಕೆಂಡ್ ಲೈನ್ ಅಂತ ಹೆಸರು. ಅದಕ್ಕೆ ಹೊಂದುವ ಡ್ರಮ್ಮಿನ ನಡೆಗೂ ಅದೇ ಹೆಸರು.

ಇದನ್ನ ಓದಿದಾಗ ನನಗೆ ನಮ್ಮ ಮೊಹಲ್ಲಾದ ತಮಟೆಯವರು ನೆನಪಾದರು. ಹೆಣ ಎತ್ತುವ ಮುಂಚೆ ಬೀದಿ ಮೂಲೆಯಲ್ಲಿ ಹುಲ್ಲು ಹಚ್ಚಿ ತಮಟೆ ಕಾಯಿಸುತ್ತಿದ್ದರಲ್ಲ. ಚರ್ಮ ಬಿಗಿಯಾಗಿ ಟಣ್ ಅನ್ನೋವರೆಗೆ ಬೆರಳಿನಲ್ಲಿ ತಟ್ಟಿ ತಟ್ಟಿ ನೋಡುತ್ತಿದ್ದರು. ಅಳುವವರು ಅಳುತ್ತಾ ಇರುತ್ತಿದ್ದರು, ಕುಣಿಯುವವರು ಕುಣಿಯುತ್ತಾ ಇರುತ್ತಿದ್ದರು. ಎರಡೂ ಒಂದೇ ನಡೆಯ ಮೇಲೆ. ನಿನ್ನಮ್ಮ ಒಳಗೆ ಬನ್ರೋ ಅಂತ ಕೂಗುತ್ತಿದ್ದರು, ನೀನು ಮಾತ್ರ ಗೇಟು ಹಿಡಿದುಕೊಂಡು ತೊಡೆಯ ಮೇಲೆ ತಾಳ ಹಾಕುತ್ತಾ ನಿಂತಿರುತ್ತಿದ್ದೆ.

ಮೆರವಣಿಗೆಯಲ್ಲಿ ಒಬ್ಬ ದೊಡ್ಡ ಡ್ರಮ್ ಹೊತ್ತಿರುತ್ತಾನೆ, ಇನ್ನೊಬ್ಬ ಸಣ್ಣ ಸ್ನೇರ್ ಡ್ರಮ್ ಸೊಂಟಕ್ಕೆ ಕಟ್ಟಿಕೊಂಡಿರುತ್ತಾನೆ. ಬ್ಲ್ಯಾಕ್‌ವೆಲ್ ಆ ಇಡೀ ಬೀದಿಯನ್ನ ಎರಡು ಕೈ ಎರಡು ಕಾಲಿಗೆ ಹಂಚಿಕೊಂಡ. ಅವನ ಟಾಮ್ ಡ್ರಮ್‌ಗಳು ಬಿಗಿಯಾಗಿ, ಮೇಲಿನ ಶ್ರುತಿಯಲ್ಲಿ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋದರೆ ರಾಗದ ತುಣುಕು ಕೇಳಿದ ಹಾಗಾಗುತ್ತೆ. ಗದ್ದಲ ಇಲ್ಲ. ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತೆ, ಚೆನ್ನಾಗಿ ಉದುರಾದ ಉಪ್ಪಿಟ್ಟಿನ ರವೆ ಹಾಗೆ. (ರವೆ ಅಂದೆ ಅಂತ ನಗಬೇಡ. ನೀನು ಮೃದಂಗದ ಎಡಕ್ಕೆ ಮೆತ್ತುವ ರವೆಯನ್ನೇ ನಾನು ಒಂದು ಸಲ ತಿಂಡಿ ಮಾಡಲು ಎತ್ತಿಕೊಂಡಿದ್ದು ಇಡೀ ಮೈಸೂರಿಗೆ ಗೊತ್ತು.)

ಈಗ ಒಂದು ಕೆಲಸ ಮಾಡು. ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್‌ನ 'ಫ್ರೀ ಜಾಝ್' ಹುಡುಕಿ ಹಾಕು. 1960ರ ಡಿಸೆಂಬರ್ 21ಕ್ಕೆ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆಗಿದ್ದು. ಒಟ್ಟಿಗೆ ಎಂಟು ಜನ, ಒಂದೇ ಉಸಿರಿನಲ್ಲಿ 37 ನಿಮಿಷ. ನಾಲ್ಕು ಜನ ಎಡಗಿವಿಯಲ್ಲಿ, ನಾಲ್ಕು ಜನ ಬಲಗಿವಿಯಲ್ಲಿ. ಎಡಕ್ಕೆ ಬಿಲ್ಲಿ ಹಿಗಿನ್ಸ್‌ನ ಡ್ರಮ್, ಬಲಕ್ಕೆ ಬ್ಲ್ಯಾಕ್‌ವೆಲ್. ಮೊದಲು ಎರಡೂ ಕಿವಿಯಲ್ಲಿ ಕೇಳು. ಸಂತೆ ಅನ್ನಿಸುತ್ತೆ, ತಲೆನೋವು ಬರುತ್ತೆ, ಗೊತ್ತು. ಆಮೇಲೆ ಎಡಗಡೆ ಇಯರ್‌ಫೋನ್ ಕಿತ್ತುಹಾಕಿ ಬಲಗಿವಿ ಒಂದರಲ್ಲೇ ಕೇಳು. ಸಂತೆಯ ನಡುವೆ ಒಬ್ಬ ಮನುಷ್ಯ ಆರಾಮಾಗಿ ನಡೆದುಕೊಂಡು ಹೋಗುತ್ತಿದ್ದಾನೆ. ಯಾವ ಅಂಗಡಿ ಮುಂದೆಯೂ ಎಡವುವುದಿಲ್ಲ. ಅವನ ಹಿಂದೆ ನೀನು ಕಣ್ಣುಮುಚ್ಚಿ ಹೋಗಬಹುದು.

ಫ್ರೀ ಜಾಝ್ ಅಂದ್ರೆ ತಾಳ ಇಲ್ಲ, ಲೆಕ್ಕ ಇಲ್ಲ, ಬಾಯಿಗೆ ಬಂದದ್ದು ಹಾಡೋದು ಅಂತ ತುಂಬಾ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಕೋಲ್ಮನ್ ಬಿಟ್ಟಿದ್ದು ಸ್ವರಗಳ ಕಟ್ಟುಪಾಡನ್ನ. ಕೆಳಗೆ ಲಯ ಗಟ್ಟಿಯಾಗಿ ಕೂತಿದ್ದರಿಂದಲೇ ಮೇಲಿನವರು ಹಾರಾಡಲು ಆಯಿತು. ನಿಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬ್ಲ್ಯಾಕ್‌ವೆಲ್ ನುಡಿಸುತ್ತಿದ್ದದ್ದು ಸರ್ವಲಘು. ಗಾಯಕ ಎಷ್ಟೇ ಹುಚ್ಚಾಟ ಆಡಲಿ, ನೀನು ಕೆಳಗೆ ಚಾಪೆ ಹಾಸಿಕೊಂಡು ಹೋಗುತ್ತೀಯಲ್ಲ, ಅದೇ. "ಸರ್ವಲಘು ನುಡಿಸೋನಿಗೆ ಚಪ್ಪಾಳೆ ಬರಲ್ಲ, ಅದು ಇಲ್ಲದಿದ್ರೆ ಮಾತ್ರ ಎಲ್ರಿಗೂ ಗೊತ್ತಾಗುತ್ತೆ" ಅಂತ ನಿಮ್ಮ ಮೇಷ್ಟ್ರು ಹೇಳುತ್ತಿದ್ದದ್ದು ನನಗೆ ಅರ್ಥ ಆಗಿದ್ದು ಈಗ, ಇಂಟರ್‌ಸ್ಟೇಟ್ 91ರ ಟ್ರಾಫಿಕ್ಕಿನಲ್ಲಿ.

ಅವನು ಕೋಲ್ಮನ್ ಜೊತೆ ಸೇರಿದ್ದು 1960ರಲ್ಲಿ, ಅದೇ ಹಿಗಿನ್ಸ್‌ನ ಜಾಗಕ್ಕೆ. ಆಗ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ನುಡಿಸಬೇಕು ಅಂದ್ರೆ ಪೊಲೀಸರು ಕೊಡುವ ಕಾರ್ಡು ಬೇಕಿತ್ತು. ಹಿಗಿನ್ಸ್‌ನ ಕಾರ್ಡು ಹೋಯಿತು, ಬ್ಲ್ಯಾಕ್‌ವೆಲ್ ಬಂದ. ಮುಂದಿನ ವರ್ಷ ಜುಲೈನಲ್ಲಿ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನಿನ ಎರಿಕ್ ಡಾಲ್ಫಿ, ಬುಕರ್ ಲಿಟ್ಲ್ ಜೊತೆ ನುಡಿಸಿದ. ಆ ಒಂದು ರಾತ್ರಿಯ ರೆಕಾರ್ಡಿಂಗನ್ನ ಜನ ಇವತ್ತಿಗೂ ಪೂಜೆ ಮಾಡುತ್ತಾರೆ. ಟ್ರಂಪೆಟ್ಟಿನ ಬುಕರ್ ಲಿಟ್ಲ್ ಆ ಅಕ್ಟೋಬರ್‌ನಲ್ಲೇ ತೀರಿಕೊಂಡ, ಬರೀ 23 ವರ್ಷ. ಡಾಲ್ಫಿ 1964ರಲ್ಲಿ ಹೋದ. ಮಾತು ಬಂದಾಗಲೆಲ್ಲ ಜನ ಹೋದವರಿಬ್ಬರನ್ನ ನೆನೆಸುತ್ತಾರೆ, ಸರಿಯೇ. ಆದರೆ ಹಿಂದೆ ಕೂತು ಅವರಿಬ್ಬರನ್ನೂ ಎತ್ತಿ ಹಿಡಿದವನ ಬಗ್ಗೆ ಅರ್ಧ ಸಾಲು ಸಿಕ್ಕಿದರೆ ಹೆಚ್ಚು.

1967ರಲ್ಲಿ ಪಿಯಾನೊ ವಾದಕ ರ‍್ಯಾಂಡಿ ವೆಸ್ಟನ್ ಜೊತೆ ಆಫ್ರಿಕಾ ಸುತ್ತಿದ. 1969ರಲ್ಲಿ ಪ್ಯಾರಿಸ್ಸಿನಲ್ಲಿ ಡಾನ್ ಚೆರ್ರಿ ಮತ್ತು ಅವನು, ಇಬ್ಬರೇ ಕೂತು 'ಮು' ಅಂತ ಎರಡು ಭಾಗದ ರೆಕಾರ್ಡ್ ಮಾಡಿದರು. ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ, 1973ರಲ್ಲಿ ಕಿಡ್ನಿ ಕೈಕೊಟ್ಟಿತು. ಖರ್ಚಿಗೆ ಗೆಳೆಯರು ಸಹಾಯಾರ್ಥ ಕಚೇರಿ ಮಾಡಿ ದುಡ್ಡು ಹೊಂದಿಸಿದರು. ಅಲ್ಲಿಂದ ಸಾಯುವವರೆಗೂ ಡಯಾಲಿಸಿಸ್. ನನ್ನ ಸೋದರಮಾವನನ್ನ ಎರಡು ವರ್ಷ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿದ್ದು ನಿನಗೆ ಗೊತ್ತಲ್ಲ. ಮನೆಗೆ ಬಂದ ಮೇಲೆ ನೀರಿನ ಲೋಟ ಎತ್ತಲೂ ಅವರ ಕೈಯಲ್ಲಿ ತ್ರಾಣ ಇರುತ್ತಿರಲಿಲ್ಲ. ಈ ಮನುಷ್ಯ ಅದರ ಜೊತೆಗೇ ಸುಮಾರು ಹತ್ತೊಂಬತ್ತು ವರ್ಷ ಡ್ರಮ್ ನುಡಿಸಿದ. ಊರೂರು ತಿರುಗಿದ. ಪಾಠ ಹೇಳಿದ.

ಪಾಠ ಹೇಳಿದ್ದು ಎಲ್ಲಿ ಅಂತ ಗೊತ್ತಾದಾಗ ನಾನು ಕೂತಲ್ಲೇ ಎದ್ದು ನಿಂತೆ. ಮಿಡ್ಲ್‌ಟೌನಿನ ವೆಸ್ಲಿಯನ್ ವಿಶ್ವವಿದ್ಯಾಲಯ. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಪ್ರತಿವರ್ಷ ನವರಾತ್ರಿಗೆ ಕಚೇರಿ ಕೇಳಲು ಹೋಗುತ್ತೀನಲ್ಲ, ಅದೇ ಜಾಗ! ಅಲ್ಲಿ ಮೃದಂಗ ಕಲಿಸುತ್ತಿದ್ದವರು ಟಿ. ರಂಗನಾಥನ್. ವೀಣೆ ಧನಮ್ಮಾಳ್ ಅವರ ಮೊಮ್ಮಗ, ಭರತನಾಟ್ಯದ ಬಾಲಸರಸ್ವತಿಯವರ ತಮ್ಮ, ಪಳನಿ ಸುಬ್ರಹ್ಮಣ್ಯ ಪಿಳ್ಳೈ ಅವರ ಶಿಷ್ಯರು. ಪಳನಿಯವರ ಚಾಪು ಅನ್ನೋ ಮೃದಂಗದ ಪೆಟ್ಟು ಅಂದ್ರೆ ನೀನು ಊಟ ಬಿಡುತ್ತೀಯ. ಆ ಕೈಯ ಪಾಠ ಒಂದು ಕೋಣೆಯಲ್ಲಿ. ನ್ಯೂ ಆರ್ಲಿಯನ್ಸ್ ಬೀದಿಯ ಪಾಠ ಇನ್ನೊಂದು ಕೋಣೆಯಲ್ಲಿ. ಘಾನಾ ದೇಶದ ಏಬ್ರಹಾಂ ಅಡ್ಜೆನ್ಯಾ ಕೂಡ ಅಲ್ಲೇ ಡ್ರಮ್ ಕಲಿಸುತ್ತಿದ್ದರು. ರಾಯಲ್ ಹಾರ್ಟಿಗನ್ ಅಂತ ಒಬ್ಬ ಡ್ರಮ್ಮರ್ ಈ ಮೂವರ ಹತ್ತಿರವೂ ಕಲಿತರು. ಎಂಥಾ ಅದೃಷ್ಟ ನೋಡು. ನಾನು ಆ ಕಟ್ಟಡದ ಮೆಟ್ಟಿಲ ಮೇಲೆ ಕೂತು ಎಷ್ಟೋ ಸಲ ಚಿತ್ರಾನ್ನ ತಿಂದಿದ್ದೇನೆ. ತಕದಿಮಿ ಒಂದು ಬಾಗಿಲಿಂದ, ಸೆಕೆಂಡ್ ಲೈನ್ ಇನ್ನೊಂದು ಬಾಗಿಲಿಂದ ಬಂದು ಕಾರಿಡಾರಿನಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವೇನೋ ಅಂತ ಈಗ ಕಲ್ಪಿಸಿಕೊಳ್ಳುತ್ತೇನೆ.

ಸರಿ, ಅಟ್ಲಾಂಟಾಕ್ಕೆ ವಾಪಸ್ ಬರ‍್ತೀನಿ. ಸಿ.ಡಿ.ಯಲ್ಲಿ ಇರೋದು ಐದೇ ಐದು. ನುಡಿಸುವ ನಾಲ್ವರೂ ಒಂದೊಂದು ಕಾಲದಲ್ಲಿ ಕೋಲ್ಮನ್ ಗುಂಪಿನಲ್ಲಿದ್ದವರು. 1976ರಲ್ಲಿ ತಾವೇ ಸೇರಿ 'ಓಲ್ಡ್ ಅಂಡ್ ನ್ಯೂ ಡ್ರೀಮ್ಸ್' ಅಂತ ಹೆಸರಿಟ್ಟುಕೊಂಡರು. ಯಜಮಾನ ಅಂತ ಯಾರೂ ಇಲ್ಲ. ಅವತ್ತಿನ ಐದರಲ್ಲಿ 'ಟೋಗೋ' ಅನ್ನೋದು ಬ್ಲ್ಯಾಕ್‌ವೆಲ್‌ನದೇ ರಚನೆ. ಪಶ್ಚಿಮ ಆಫ್ರಿಕಾದ ನಡೆ. ಅದನ್ನ ನಾನು ಎಷ್ಟು ಸಲ ಹಾಕಿದ್ದೇನೆ ಅಂದ್ರೆ, ಹಿಂದಿನ ಸೀಟಿನಲ್ಲಿ ಕೂತ ಮಗಳು "ಅಪ್ಪಾ, ಮತ್ತೆ ಅದೇನಾ" ಅನ್ನುತ್ತಾಳೆ. ಅನ್ನುತ್ತಾಳೆ, ಆದರೆ ಅವಳ ಕಾಲು ನನ್ನ ಸೀಟಿನ ಬೆನ್ನಿಗೆ ಸರಿಯಾದ ಜಾಗದಲ್ಲೇ ಒದೆಯುತ್ತಿರುತ್ತೆ. ಒಂದು ನಡೆ ಹಿಡಿದರೆ ಬ್ಲ್ಯಾಕ್‌ವೆಲ್ ಬೇಗ ಬಿಡುವುದಿಲ್ಲ. ಒಂದು ಕೈಯಲ್ಲಿ ಅದನ್ನೇ ಹೇಳುತ್ತಾ, ಇನ್ನೊಂದು ಕೈಯಲ್ಲಿ ಅದರ ಜೊತೆ ಮಾತಾಡುತ್ತಾನೆ. ಜಾಣತನ ತೋರಿಸುವ ಆತುರ ಒಂಚೂರೂ ಇಲ್ಲ. ಡಯಾಲಿಸಿಸ್ ಮೇಲಿದ್ದ, 58 ವರ್ಷದ ಕೈ ಅದು.

ಅದೇ ಉತ್ಸವಕ್ಕೆ ಅವನ ಇಪ್ಪತ್ತರ ಹರೆಯದ ಗೆಳೆಯರೂ ಬಂದಿದ್ದರು. 1950ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 'ಅಮೆರಿಕನ್ ಜಾಝ್ ಕ್ವಿಂಟೆಟ್' ಅಂತ ಹುಡುಗರ ಗುಂಪು ಕಟ್ಟಿಕೊಂಡಿದ್ದರು. ಎಲಿಸ್ ಮಾರ್ಸಾಲಿಸ್, ಆಲ್ವಿನ್ ಬಟೀಸ್ಟ್, ಹೆರಾಲ್ಡ್ ಬ್ಯಾಟಿಸ್ಟ್ ಎಲ್ಲ ಇದ್ದ ಗುಂಪು. ಮೂವತ್ತು ವರ್ಷ ಆದ ಮೇಲೆ ಅವರೆಲ್ಲ ಅಟ್ಲಾಂಟಾದಲ್ಲಿ ಮತ್ತೆ ಒಟ್ಟಿಗೆ ನಿಂತು ನುಡಿಸಿದರು. ಅದೂ ರೆಕಾರ್ಡ್ ಆಗಿದೆ. ಹೂವಿನ ಹಾರಕ್ಕಿಂತ ಇದು ಜಾಸ್ತಿ ಅಲ್ವಾ? ನಿನ್ನ ಜೊತೆ ಕಲಿತವರು ತಂತಮ್ಮ ಕೆಲಸ ಬಿಟ್ಟು, ವಾದ್ಯ ಹೊತ್ತುಕೊಂಡು ಬರೋದು.

ಐದು ವರ್ಷಕ್ಕೆ, 1992ರ ಅಕ್ಟೋಬರ್ 7ಕ್ಕೆ ಹಾರ್ಟ್‌ಫರ್ಡಿನಲ್ಲಿ ತೀರಿಕೊಂಡ. ಹೌದು, ನಾನು ಈ ಕಾಗದ ಬರೆಯುತ್ತಿರುವ ಊರಿನಲ್ಲೇ. ಹುಟ್ಟುಹಬ್ಬಕ್ಕೆ ಮೂರು ದಿನ ಬಾಕಿ ಇತ್ತು. ಅದೇ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ತನ್ನದೇ ಹೆಸರಿನ ಗುಂಪು ಕಟ್ಟಿಕೊಂಡು ನುಡಿಸಿದ್ದ. ಡೌನ್‌ಬೀಟ್ ಪತ್ರಿಕೆಯವರು ತಮ್ಮ ಹಾಲ್ ಆಫ್ ಫೇಮ್‌ಗೆ ಅವನನ್ನ ಸೇರಿಸಿದ್ದು 1993ರಲ್ಲಿ. ಸತ್ತ ಮಾರನೇ ವರ್ಷ. ದೊಡ್ಡ ಗೌರವವೇ, ಇಲ್ಲ ಅನ್ನಲ್ಲ. ಆದರೆ ಅಟ್ಲಾಂಟಾದವರು ಅವನು ಸಾಯುವ ಐದು ವರ್ಷ ಮುಂಚೆಯೇ ಮಾಡಿದರಲ್ಲ, ಅವರ ಕೈ ಕುಲುಕಬೇಕು ಅನ್ನಿಸುತ್ತೆ ನನಗೆ.

ಈಗ ಬೋಂಡಾ ವಿಷಯಕ್ಕೆ ಬರ‍್ತೀನಿ.

ನಿನಗೆ ಮರೆತಿರಲಿಕ್ಕಿಲ್ಲ. ಆ ವರ್ಷದ ಗಣೇಶನ ಪೆಂಡಾಲು. ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಹೆಸರು ಮುಕ್ಕಾಲು ಪುಟ, ಫೋಟೋ ಸಮೇತ. ಕೆಳಗೆ 'ಮತ್ತು ಸಂಗಡಿಗರು'. ಆ ಸಂಗಡಿಗ ನೀನು. ಪಿಟೀಲಿನವರು, ಘಟದವರು, ನೀನು, ಮೂರೂ ಜನ ಸೇರಿ ಒಂದು ಪದ. ಅದನ್ನ ತೋರಿಸಿ ನಾನೇ ಎಷ್ಟು ಕೂಗಾಡಿದ್ದೆ! ಅಚ್ಚು ಹಾಕಿಸಿದವರನ್ನ ಬಿಡಲ್ಲ ಅಂದಿದ್ದೆ. ನೀನು "ಬಿಡೋ, ತನಿ ಕೊಡ್ತಾರೆ, ಸಾಕು" ಅಂದೆ. (ಓದುವವರಿಗೆ: ತನಿ ಅಂದ್ರೆ ಹಾಡು ನಿಲ್ಲಿಸಿ ಮೃದಂಗ, ಘಟದವರಿಗೇ ಬಿಟ್ಟುಕೊಡುವ ಹೊತ್ತು.) ಒಂದು ತಿಂಗಳು ಅದಕ್ಕೆ ಕೂತು ಸಾಧನೆ ಮಾಡಿದ್ದೆ. ತನಿ ಮುಗಿಸಲು ಮೂರು ಸಲ ನುಡಿಸುವ ಒಂದು ಮುಕ್ತಾಯದ ಲೆಕ್ಕವನ್ನ ಹಾಲಿನ ಪ್ಯಾಕೆಟ್ಟಿನ ಹಿಂದೆ ಬರೆದು ನನಗೆ ತೋರಿಸಿದ್ದೆ.

ಆ ಸಂಜೆ ಮುಖ್ಯ ಕೃತಿ ಮುಗಿಯಿತು. ಗಾಯಕರು ನಿನ್ನ ಕಡೆ ಕೈ ತೋರಿಸಿದರು. ನಿನ್ನ ಮೊದಲ ಚಾಪು ಬಿತ್ತು. ನನ್ನ ಸಾಲಿನವರೆಲ್ಲ ಎದ್ದರು. ನಾನೂ ಎದ್ದೆ.

ಹಸಿವಾಗಿತ್ತು, ಕ್ಯಾಂಟೀನಿನಲ್ಲಿ ಕ್ಯೂ ಉದ್ದ ಇತ್ತು, ಅಲ್ಲಿಂದಲೂ ಮೈಕಿನಲ್ಲಿ ಕೇಳುತ್ತಿತ್ತು. ಈ ನೆಪಗಳನ್ನೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ವಾಪಸ್ ಬಂದು ಕೂತಾಗ ನೀನು ಮುಕ್ತಾಯದ ಮೂರನೇ ಸಲದಲ್ಲಿದ್ದೆ. ಸರಿಯಾಗಿ ಎಡುಪಿಗೆ, ಅಂದ್ರೆ ಹಾಡು ಎತ್ತಿಕೊಳ್ಳುವ ಜಾಗಕ್ಕೆ, ಬಂದು ಬಿದ್ದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನು, ಬೆರಳಿಗೆ ಚಟ್ನಿ ಅಂಟಿತ್ತು. ನೀನು ವೇದಿಕೆಯಿಂದ ನನ್ನನ್ನೇ ನೋಡಿದೆ. ರಾತ್ರಿ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಮೃದಂಗ ನಮ್ಮಿಬ್ಬರ ಮಧ್ಯೆ ಇತ್ತು. ನೀನು ಕೇಳಿದ್ದು ಒಂದೇ ಮಾತು. "ಬೋಂಡಾ ಹೇಗಿತ್ತು?"

"ಚೆನ್ನಾಗಿತ್ತು" ಅಂದೆ ನಾನು. ಹನ್ನೆರಡು ವರ್ಷ ಆಯಿತು.

ತಪ್ಪು ಮಾಡಿದ್ದು ನಾನ್ನೂರು ಜನರ ಮುಂದೆ. ಅದಕ್ಕೆ ಇದನ್ನ ಕವರಿನಲ್ಲಿ ಹಾಕಿ ನಿನಗೊಬ್ಬನಿಗೇ ಕಳಿಸಲು ಮನಸ್ಸು ಬರಲಿಲ್ಲ. ಕ್ಷಮಿಸು ಕಣೋ.

ಏಪ್ರಿಲ್‌ನಲ್ಲಿ ಮೂರು ವಾರ ರಜೆ ಹಾಕಿದ್ದೇನೆ. ರಾಮನವಮಿಗೆ ಊರಲ್ಲಿರುತ್ತೇನೆ. ಹಬ್ಬ ಕಳೆದ ಭಾನುವಾರ ಸಂಜೆ ಆರಕ್ಕೆ ನಿಮ್ಮ ಮನೆ ತಾರಸಿಯಲ್ಲಿ ಕಚೇರಿ. ನಿನ್ನ ಹೆಂಡತಿಗೆ ಆಗಲೇ ಹೇಳಿದ್ದೇನೆ, ಜಮಖಾನ ಒಗೆಸಿಡುತ್ತಾರಂತೆ. ಪಾಠದ ದಿನಗಳ ನಿನ್ನ ಜೊತೆಯವರಲ್ಲಿ ನಾಲ್ಕು ಜನ ಬರುತ್ತೀವಿ ಅಂದಿದ್ದಾರೆ. ಒಬ್ಬ ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಘಟ ಹಿಡಿದುಕೊಂಡು ಬರುತ್ತಾನೆ. ಹಾಡಲು ನಿನ್ನ ತಂಗಿ ಒಪ್ಪಿದ್ದಾಳೆ, ಒಂದೇ ಕೃತಿ. ಉಳಿದ ಹೊತ್ತೆಲ್ಲ ತನಿ. ಕೈ ಬಿದ್ದುಹೋಗಿದೆ, ಅಭ್ಯಾಸ ಇಲ್ಲ ಅಂತ ರಾಗ ಎಳೆಯಬೇಡ. ಎರಡೂವರೆ ತಿಂಗಳಿದೆ. ಹಾಲಿನ ಪ್ಯಾಕೆಟ್ಟಿನ ಲೆಕ್ಕ ಹುಡುಕಿ ಇಟ್ಟುಕೋ.

ಕಾರ್ಡು ನಾನೇ ಅಚ್ಚು ಹಾಕಿಸುತ್ತೇನೆ. ಮೇಲೆ ನಿನ್ನ ಹೆಸರು, ಮೃದಂಗ ಅಂತ, ಫೋಟೋ ಸಮೇತ. ಕೆಳಗೆ 'ಗಾಯನ: ಸಂಗಡಿಗರು' ಅಂತ ಹಾಕೋಣ ಅಂತಿದ್ದೆ. ನಿನ್ನ ತಂಗಿಗೆ ಹೇಳಿದೆ, ಬರುವುದೇ ಇಲ್ಲ ಅಂದಳು. ಅವಳ ಹೆಸರೂ ಹಾಕುತ್ತೇನೆ.

ಬೋಂಡಾ ಇರುತ್ತೆ. ತನಿ ಮುಗಿಯುವ ತನಕ ಒಲೆ ಹಚ್ಚಬೇಡಿ ಅಂತ ಅಡುಗೆಯವರಿಗೆ ಹೇಳಿದ್ದೇನೆ.

ನಿನ್ನ,
ಗೋಪಿ